ಫರಸಿಯ ಸಂದಿಗೆ ಏನು ತುಂಬುವುದು?

ಎರಡು ಫರಸಿಗಲ್ಲುಗಳ ನಡುವಿನ ಸಂದಿಯ ಬಗ್ಗೆ ಬುದ್ಧಿ ನೆಟ್ಟಗಿರುವ ಮನುಷ್ಯರು ಹದಿನೈದು ದಿನ ಯೋಚಿಸಬಹುದೆಂಬುದು ಹೋದ ವರ್ಷದವರೆಗೆ ನನಗೆ ತಿಳಿದಿರಲಿಲ್ಲ. ಕಲ್ಲಿನ ಬಗ್ಗೆ ಯೋಚಿಸುತ್ತೇವೆ, ಸರಿ. ಅದರ ಬಣ್ಣ ಯಾವುದು, ದಪ್ಪವೆಷ್ಟು, ಮಳೆಗಾಲದಲ್ಲಿ ಜಾರುತ್ತದೆಯೋ ಇಲ್ಲವೋ ಎಂದೆಲ್ಲ ಕೇಳುತ್ತೇವೆ. ಸಂದಿಯೆಂದರೆ ಕಲ್ಲು ಇಲ್ಲದ ಜಾಗ. ಇಲ್ಲದ್ದರ ಬಗ್ಗೆ ಚಿಂತಿಸುವುದು ವೇದಾಂತಿಗಳ ಪಾಲಿನ ಉದ್ಯೋಗವೆಂದು ನಾನು ಅವರಿಗೇ ಬಿಟ್ಟಿದ್ದೆ. ಆದರೆ ವಿಧಿಗೆ ವಿನೋದಪ್ರಜ್ಞೆಯಿದೆ. ಮೂವತ್ತೊಂದು ವರ್ಷ ಬನಹಟ್ಟಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸಿ, ಲೋಪ, ಆಗಮ, ಆದೇಶವೆಂಬ ಮೂರು ಸಂಧಿಗಳನ್ನು ಮಕ್ಕಳ ನಾಲಗೆಗೆ ಅಂಟಿಸಿ ನಿವೃತ್ತಳಾದ ನನ್ನನ್ನೇ ಅದು ಒಂದು ದಿನ ಹಿತ್ತಲಿಗೆ ಕರೆತಂದು, "ಈಗ ಈ ಸಂದಿಯನ್ನು ಬಿಡಿಸಮ್ಮ" ಎಂದು ನಿಲ್ಲಿಸಿತು.

ಹಿತ್ತಲಿನ ವಿಷಯವನ್ನು ಮೊದಲು ಹೇಳಬೇಕು. ಅಲ್ಲಿ ನಮ್ಮ ಮನೆಯವರ ನಾಲ್ಕು ಮಗ್ಗಗಳ ತಗಡಿನ ಶೆಡ್ಡು ಇತ್ತು. ನಮ್ಮ ಓಣಿಯಲ್ಲಿ ಮಗ್ಗದ ಸಪ್ಪಳವೆಂದರೆ ಮನೆಯ ಉಸಿರಾಟದ ಹಾಗೆ, ನಿಂತರೆ ಮಾತ್ರ ಕೇಳಿಸುತ್ತದೆ. ಅರವತ್ತಾರು ತುಂಬಿದ ಮೇಲೆ ಅವರು ಮಗ್ಗಗಳನ್ನು ಕೊಟ್ಟುಬಿಟ್ಟರು. ಶೆಡ್ಡನ್ನು ಬಿಚ್ಚಿದೆವು. ಅಡುಗೆಮನೆಯ ಬಾಗಿಲಿನಿಂದ ಹಿಂದಿನ ಬೇವಿನ ಗಿಡದವರೆಗೆ ಒಂದು ಬಯಲು ತೆರೆದುಕೊಂಡಿತು. ಆ ಬಯಲಿನತ್ತ ಅವರು ಹೋಗುತ್ತಲೇ ಇರಲಿಲ್ಲ. ಮಗ್ಗ ಹೋದ ದುಃಖವಿರಬೇಕು ಎಂದುಕೊಂಡು, ಅಲ್ಲಿ ಚೆಂದದ ಅಂಗಳ ಮಾಡಿಸಿ ಬೇವಿನಡಿ ಒಂದು ಮಂಚ ಹಾಕಿದರೆ ದುಃಖ ಕಳೆದೀತೆಂದು ನಾನು ಉಪಾಯ ಹೂಡಿದೆ. ದುಃಖಕ್ಕೆ ಫರಸಿ ಹಾಸುವ ಈ ಉಪಾಯ ಎಷ್ಟರಮಟ್ಟಿಗೆ ಶಾಸ್ತ್ರೀಯವೋ ತಿಳಿಯದು. ಆದರೆ ನಿವೃತ್ತ ಶಿಕ್ಷಕಿಯ ಉತ್ಸಾಹಕ್ಕೆ ಶಾಸ್ತ್ರದ ಅಡ್ಡಿ ಇರುವುದಿಲ್ಲ.

ಹುನ್ನೂರಿನ ಗೌಂಡಿ ಬೀರಪ್ಪ ಬಂದ. ಕುರಿ ಸಾಕುವ ಮನೆತನದಲ್ಲಿ ಹುಟ್ಟಿ ಕಲ್ಲಿನ ಕೆಲಸಕ್ಕೆ ಬಂದವನು. ಮಾತು ಕಡಿಮೆ, ಕಣ್ಣು ಹೆಚ್ಚು. ಗರಸು ಹಾಕಿ, ನೀರು ಹೊಡೆದು, ಕುಟ್ಟಿ, ನಸುಬೂದು ಬಣ್ಣದ ಫರಸಿಗಳನ್ನು ಅಡುಗೆಮನೆಯಿಂದ ಬೇವಿನವರೆಗೆ ಸಾಲುಸಾಲಾಗಿ ಕೂರಿಸಿದ. ಕಲ್ಲುಗಳ ನಡುವೆ ನನ್ನ ಕಿರುಬೆರಳು ಹೋಗುವಷ್ಟು ಜಾಗ ಬಿಟ್ಟ. ನಾಲ್ಕನೆಯ ದಿನ ಕೈ ತೊಳೆದುಕೊಂಡು ಕೇಳಿದ:

"ಅಕ್ಕೋರ, ಸಂದ್ಯಾಗ ಏನ್ ತುಂಬೂನು?"

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ನಿವೃತ್ತಿಯಾದರೂ ಆ ಪದವಿ ಕಳಚುವುದಿಲ್ಲ. ಅಕ್ಕೋರಾದವರು ಯಾವ ಪ್ರಶ್ನೆಗೂ "ಗೊತ್ತಿಲ್ಲ" ಎನ್ನುವಂತಿಲ್ಲವಾದ್ದರಿಂದ, "ವಿಚಾರ ಮಾಡಿ ಹೇಳ್ತೀನಿ" ಎಂದೆ.

"ಅದರಾಗ ಏನ್ ವಿಚಾರ ಮಾಡ್ತೀರಿ? ಸುಣ್ಣಾ, ಉಸುಕು, ಚೂರು ಸಿಮಿಟಿ ಕೂಡಿಸಿ ತುಂಬಿ ಬಿಡತೇನಿ."

"ತಡಿ. ಚಂದ ಕಾಣಬೇಕು."

ಬೀರಪ್ಪ ನನ್ನ ಮುಖ ನೋಡಿದ. ಚೆಂದ ಕಾಣಬೇಕೆನ್ನುವವರ ಮನೆಯಲ್ಲಿ ಕೆಲಸ ಬೇಗ ಮುಗಿಯುವುದಿಲ್ಲವೆಂದು ಅನುಭವದಿಂದ ಬಲ್ಲವನಂತೆ, ಹುನ್ನೂರಿನಲ್ಲಿ ಒಪ್ಪಿಕೊಂಡಿದ್ದ ಇನ್ನೊಂದು ಕೆಲಸಕ್ಕೆ ಹೋದ.

ವಿಚಾರ ಶುರುವಾದದ್ದು ಹೀಗೆ. ಓದುಗರೇ, ನಿಮ್ಮ ಮನೆಯಲ್ಲಿ ಎಂದಾದರೂ ಇಂಥ ಪ್ರಶ್ನೆಯೆದ್ದರೆ ದಯವಿಟ್ಟು ಬೀದಿಯಲ್ಲಿ ಬಾಯಿ ಬಿಡಬೇಡಿ. ಪಕ್ಕದ ಮನೆಯ ಗೌರಕ್ಕ, "ಎರಿಮಣ್ಣ ತುಂಬಿ ಕರಿಕಿ ಹಚ್ಚವಾ, ಹಸರs ಹಸರ ಕಾಣತೈತಿ" ಎಂದು ಹೇಳಿ, ಮರುಕ್ಷಣವೇ "ಆದ್ರ ನಮ್ಮ ಆಡ ಬಂದ್ರ ಬೈಬ್ಯಾಡ" ಎಂದಳು. ಗರಿಕೆ ನನಗೂ ಇಷ್ಟವೇ. ಕಲ್ಲಿನ ನಡುವೆ ಹಸಿರು ಅಂಚು, ನಮ್ಮ ಊರಿನ ಸೀರೆಗೆ ಅಂಚು ಇದ್ದ ಹಾಗೆ! ಆದರೆ ಗೌರಕ್ಕನ ಮೂರು ಆಡುಗಳು ಆ ಅಂಚಿನ ಮೇಲೆ ಸಾಹಿತ್ಯೇತರ ದೃಷ್ಟಿಯಿಂದ ಆಸಕ್ತಿ ತಾಳುವುದು ಖಚಿತವಿತ್ತು.

ಅನ್ಯರ ಅಂಗಳಗಳನ್ನು ನೋಡಿ ತೀರ್ಮಾನಿಸೋಣವೆಂದು ನಾನು ಒಂದು ಸಣ್ಣ ತೀರ್ಥಯಾತ್ರೆಯನ್ನೇ ಕೈಗೊಂಡೆ. ಮುಧೋಳದಲ್ಲಿ ನನ್ನ ಚಿಕ್ಕಮ್ಮನ ಮಗಳ ಮನೆಯ ಸಂದಿಗಳಲ್ಲಿ ಬರಿಯ ಉಸುಕು ತುಂಬಿದ್ದರು. ನೋಡಲು ಸರಳ ಸುಂದರ. ಆದರೆ ಅವರ ಮನೆಯ ಬೇಟೆನಾಯಿ, ಉದ್ದ ಕಾಲಿನ ಆ ರಾಜವಂಶಸ್ಥ, ತಂಪು ಹುಡುಕುತ್ತ ಸಂದಿಯನ್ನೇ ಕೆದರಿ ಉಸುಕನ್ನೆಲ್ಲ ಪಡಸಾಲೆಗೆ ವರ್ಗಾಯಿಸಿತ್ತು. ಗಲಗಲಿಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮನೆ ಹೊಳೆಯ ಹತ್ತಿರವಿದೆ. ಅಲ್ಲಿ ಅಪ್ಪಟ ಸಿಮೆಂಟು ತುಂಬಿದ್ದರು. ಮಳೆಗಾಲದಲ್ಲಿ ಕೆಳಗಿನ ಎರೆಮಣ್ಣು ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಸಿಮೆಂಟು ಹಟ ಬಿಡದೆ, ಕಡೆಗೆ ಕಲ್ಲುಗಳೇ ನಡುವೆ ಸೀಳಿದ್ದವು. ಜಮಖಂಡಿಯ ಅಂಗಡಿಯವನು ಮಾತ್ರ ನನ್ನ ಕಣ್ಣು ತೆರೆಸಿದ. ಈಗ ಚೀಲದಲ್ಲಿ ಸಿದ್ಧಪುಡಿ ಬರುತ್ತದಂತೆ, ಅದಕ್ಕೆ ಅಂಟು ಕೂಡಿಸಿ ಕಲೆಸಿ ತುಂಬಿದರೆ ಆಯಿತಂತೆ. ಇರುವೆ ಗೂಡು ಕಟ್ಟಲಾರದು, ಹುಲ್ಲು ಹುಟ್ಟಲಾರದು, ಬಣ್ಣವೂ ಕಲ್ಲಿನದೇ. "ಸಂದಿ ಎಲ್ಲೈತಿ ಅಂತ ಹುಡುಕಬೇಕ್ರಿ ಅಕ್ಕೋರ, ಹಂಗ ಆಕ್ಕೈತಿ" ಎಂದ. ಕಾಣದಂತೆ ಮಾಡುವ ಈ ವಿದ್ಯೆ ನನಗೆ ಬಹಳ ಹಿಡಿಸಿತು.

ಈ ಯಾತ್ರೆಗಳಲ್ಲಿ ಯಾವುದಕ್ಕೂ ನಮ್ಮ ಮನೆಯವರು ಜೊತೆಗೆ ಬರಲಿಲ್ಲ. "ನೀ ನೋಡ್ಕೊಂಡ ಬಾ, ನಿನ್ನ ಪಸಂತಿನs ನನ್ನ ಪಸಂತಿ" ಎನ್ನುತ್ತಿದ್ದರು. ಮೂವತ್ತೆಂಟು ವರ್ಷಗಳ ದಾಂಪತ್ಯದಲ್ಲಿ ಗಂಡನ ಬಾಯಿಂದ ಇಂಥ ಮಾತು ಕೇಳಿದ ಹೆಂಗಸು ಕಾರಣ ಹುಡುಕುವುದಿಲ್ಲ, ಹಿಗ್ಗುತ್ತಾಳೆ. ನಾನೂ ಹಿಗ್ಗಿದೆ. ನಿಜ ಹೇಳಬೇಕೆಂದರೆ ಆ ಒಂದೆರಡು ವರ್ಷ ನಾನು ಹಿಗ್ಗಿದ್ದಕ್ಕೆ ಲೆಕ್ಕವಿಲ್ಲ. ಸಂಜೆ ಬಜಾರಕ್ಕೆ ಹೊರಟರೆ ಅವರು ನನ್ನ ಮೊಣಕೈ ಹಿಡಿದು ನಡೆಯತೊಡಗಿದ್ದರು. ಓಣಿಯ ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರೆ ನನಗೆ ನಾಚಿಕೆ, ನಾಚಿಕೆಯೊಳಗೇ ಒಂದು ಹೆಮ್ಮೆ. ಬೆಳಿಗ್ಗೆ ಪತ್ರಿಕೆಯ ದೊಡ್ಡ ಅಕ್ಷರಗಳನ್ನು ತಾವೇ ಓದಿ, ಉಳಿದದ್ದನ್ನು "ನೀನs ಓದು, ನಿನ್ನ ಬಾಯಾಗ ಕೇಳಿದ್ರ ಕನ್ನಡ ಛಲೋ ಅನಸ್ತೈತಿ" ಎನ್ನುತ್ತಿದ್ದರು. ಸ್ಕೂಟರನ್ನು ಮೂಲೆಗೆ ನಿಲ್ಲಿಸಿ, ವೈದ್ಯರು ನಡೆಯಲು ಹೇಳಿದ್ದಾರೆಂದರು. ಯಾವ ವೈದ್ಯರೆಂದು ನಾನು ಕೇಳಲಿಲ್ಲ. ವ್ಯಾಕರಣ ಕಲಿಸುವವರ ಒಂದು ದೋಷವಿದು. ವಾಕ್ಯ ಶುದ್ಧವಾಗಿದ್ದರೆ ಸಾಕು, ಅದು ಸತ್ಯವೂ ಆಗಿದೆಯೇ ಎಂದು ನಾವು ನೋಡುವುದಿಲ್ಲ.

ಇನ್ನೊಂದು ಸಂಗತಿ. ನಾನು ವಿಚಾರ ಮಾಡುತ್ತಿದ್ದ ಆ ಹದಿನೈದು ದಿನ, ಸಂದಿಗಳು ಬಾಯ್ದೆರೆದುಕೊಂಡೇ ಇದ್ದಾಗ, ಅವರು ಹಿತ್ತಲಿಗೆ ಹೋಗಲು ಶುರುಮಾಡಿದರು. ಬರಿಗಾಲಲ್ಲಿ ಅಡುಗೆಮನೆಯ ಹೊಸ್ತಿಲಿಳಿದು, ಕೈ ಹಿಂದೆ ಕಟ್ಟಿಕೊಂಡು, ನೇರ ಬೇವಿನ ಗಿಡದವರೆಗೆ ನಡೆದು, ನಾನು ಆಗಲೇ ಹಾಕಿಸಿದ್ದ ಮಂಚದ ಮೇಲೆ ಕೂರುತ್ತಿದ್ದರು. ಅಲ್ಲಿಂದೆದ್ದು ಬಚ್ಚಲಿಗೆ, ಬಚ್ಚಲಿನಿಂದ ಮತ್ತೆ ಮಂಚಕ್ಕೆ. ಮಗ್ಗ ನಡೆಸುತ್ತಿದ್ದ ಕಾಲದ ಠೀವಿ ಮರಳಿ ಬಂದಿತ್ತು. ನನ್ನ ಉಪಾಯ ಫಲಿಸಿತೆಂದು ನಾನು ಒಳಗೊಳಗೇ ಬೆನ್ನು ತಟ್ಟಿಕೊಂಡೆ.

ಜಮಖಂಡಿಯಿಂದ ಪುಡಿಯ ಚೀಲಗಳು ಬಂದವು. ಬೀರಪ್ಪ ಒಂದು ಹಿಡಿ ಕಲೆಸಿ, ಒಣಗಿಸಿ, ಉಗುರಿನಿಂದ ಕೆರೆದು ನೋಡಿ ಅಂದ:

"ಬಾಳ ಬಿರುಸ ಐತ್ರಿ ಅಕ್ಕೋರ. ಸಂದಿ ಅನ್ನೂದು ಕಲ್ಲಿಗಿಂತ ಮೆತ್ತಗಿರಬೇಕು. ನೆಲಾ ಅಳ್ಳ್ಯಾಡಿದ್ರ ಸಂದಿ ಬಿರಕ ಬಿಡಬೇಕು, ಕಲ್ಲ ಉಳೀಬೇಕು. ಒಡದ ಸಂದಿ ತುಂಬಾಕ ಬರ್ತೈತಿ. ಒಡದ ಕಲ್ಲಿಗೆ ಏನ್ ಮಾಡ್ತೀರಿ?"

ಮಾತು ಬಹಳ ದೊಡ್ಡದು. ಆದರೆ ದೊಡ್ಡ ಮಾತುಗಳನ್ನು ಗೌಂಡಿಯ ಬಾಯಿಂದ ಕೇಳಿಸಿಕೊಳ್ಳುವ ಅಭ್ಯಾಸ ನನಗಿರಲಿಲ್ಲ. "ಕಲ್ಲಿನ ಮಟ್ಟಕ್ಕs ತುಂಬು, ಎತ್ತರ ತಗ್ಗು ಏನೂ ಉಳೀಬಾರದು" ಎಂದು ಆಜ್ಞಾಪಿಸಿದೆ. ಅವನು ತುಂಬಿದ. ಎರಡು ದಿನಕ್ಕೆ ಅಂಗಳ ಒಂದೇ ಅಖಂಡ ಶಿಲೆಯಂತಾಯಿತು. ಗೌರಕ್ಕ ಬಂದು, "ಅಯ್ಯs, ಕನ್ನಡಿ ಆಗೇತಲ್ಲವಾ!" ಎಂದು ಚಪ್ಪಲಿ ಹೊರಗೆ ಬಿಟ್ಟು ನಡೆದಳು. ಮುಧೋಳದ ತಂಗಿಗೆ ಫೋಟೋ ಕಳಿಸಿದೆ. ಹೊಗಳಿಕೆಗಳೆಲ್ಲ ಬಂದ ಮೇಲೆ, ಯಾರ ಸಲುವಾಗಿ ಇದನ್ನೆಲ್ಲ ಮಾಡಿಸಿದ್ದೆನೋ ಅವರ ಮುಖ ನೋಡಿದೆ. "ಛಲೋ ಆಗೇತಿ" ಎಂದರು. ಅಷ್ಟೇ.

ಆಮೇಲೆ ಅವರು ಹಿತ್ತಲಿಗೆ ಹೋಗುವುದನ್ನು ಬಿಟ್ಟರು. ಬಚ್ಚಲಿಗೆ ಹೋಗುವಾಗ ಮಾತ್ರ ಗೋಡೆಯ ಗುಂಟ ಸುತ್ತುಬಳಸಿ ಹೋಗುತ್ತಿದ್ದರು. ಹೊಸ ಅಂಗಳ ಮಾಸೀತೆಂಬ ಸಂಕೋಚವಿರಬೇಕೆಂದು ಮೊದಲ ವಾರ ಭಾವಿಸಿದೆ. ಎರಡನೆಯ ವಾರ ನನಗೆ ಸಿಟ್ಟು ಬಂತು. ಇಷ್ಟು ಅಲೆದಾಡಿ, ಆರಿಸಿ, ಮಾಡಿಸಿದ್ದನ್ನು ಮೆಚ್ಚಲಾರದ ಗಂಡಸರ ಕೃಪಣತೆಯ ಬಗ್ಗೆ ಮನಸ್ಸಿನಲ್ಲೇ ಒಂದು ಪ್ರಬಂಧವನ್ನು ಬರೆದು, ತಿದ್ದಿ, ಪೂರ್ಣಾಂಕವನ್ನೂ ಕೊಟ್ಟುಕೊಂಡೆ. "ಮಂಚಾ ಹಾಕ್ಸಿದ್ದು ಯಾರಿಗ್ರಿ, ಗೌರಕ್ಕನ ಆಡಿಗೇನು?" ಎಂದು ಒಂದು ಬೆಳಿಗ್ಗೆ ಕುಟುಕಿಯೂಬಿಟ್ಟೆ. ಅವರು ಚಹಾದ ಬಟ್ಟಲನ್ನು ಕಟ್ಟೆಯ ಅಂಚಿಗೆ ಕೈಯಾಡಿಸಿ ಇಟ್ಟು ಎದ್ದರು.

ಅದೇ ದಿನ ಹನ್ನೊಂದರ ಹೊತ್ತಿಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಕೊಡ ಉರುಳಿದ ಸದ್ದಾಯಿತು. ಗೌರಕ್ಕನ ಆಡೇ ಎಂದು ಕಿಟಕಿಯಿಂದ ಇಣುಕಿದೆ. ಆಡು ಇರಲಿಲ್ಲ. ಅಂಗಳದ ನಟ್ಟನಡುವೆ ನಮ್ಮ ಮನೆಯವರು ನಿಂತಿದ್ದರು. ಬಿಸಿಲು ಫರಸಿಯ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಬಚ್ಚಲ ಮುಂದಿನ ಕೊಡ ಉರುಳಿ ನೀರು ಹರಿದಿತ್ತು. ಅವರು ಅತ್ತ ನೋಡಲಿಲ್ಲ. ಬಲಗಾಲನ್ನು ಮುಂದೆ ಚಾಚಿ ನೆಲವನ್ನು ಸವರಿದರು. ಮತ್ತೆ ಎಡಕ್ಕೆ ಚಾಚಿ ಸವರಿದರು. ಏನನ್ನೋ ಕಳಕೊಂಡವರು ಕಾಲಿನಿಂದ ಹುಡುಕುವ ಹಾಗೆ. ಆಮೇಲೆ ಎರಡೂ ಕಾಲು ಜೋಡಿಸಿ, ಸುಮ್ಮನೆ ನಿಂತುಬಿಟ್ಟರು. ಇಪ್ಪತ್ತು ಹೆಜ್ಜೆಯ ಹಿತ್ತಲು. ಮೂವತ್ತು ವರ್ಷ ಅವರೇ ಮಗ್ಗ ನಡೆಸಿದ ಜಾಗ. ಅಲ್ಲಿ ಅವರು ದಾರಿ ತಪ್ಪಿ ನಿಂತಿದ್ದರು.

"ಅಕ್ಕೋರ..." ಎಂದರು. ಅವರು ನನ್ನನ್ನು ಹಾಗೆ ಕರೆಯುವುದು ಯಾವಾಗಲೂ ತಮಾಷೆಗೆ. ಈಗ ಆ ದನಿಯಲ್ಲಿ ತಮಾಷೆ ಇರಲಿಲ್ಲ. "ಎಲ್ಲಿದ್ದಿ?"

"ಇಲ್ಲೇ ಅದೀನಲ್ಲರಿ, ಕಿಟಕ್ಯಾಗ!"

"ಹಂಗs ಮಾತಾಡಕೋತ ನಿಂದ್ರು. ನಿನ್ನ ದನಿ ಹಿಡದ ಬರ್ತೇನಿ."

ನನ್ನ ಕೈಯಲ್ಲಿ ಹಿಟ್ಟಿತ್ತು. ತವೆಯ ಮೇಲೆ ರೊಟ್ಟಿಯಿತ್ತು. ಮೂವತ್ತೊಂದು ವರ್ಷ ದಿನಕ್ಕೆ ಐದು ತಾಸು ಮಾತಾಡಿದ ಹೆಂಗಸಿಗೆ ಆ ಕ್ಷಣದಲ್ಲಿ ಆಡಲು ಒಂದೇ ಒಂದು ಮಾತು ಸಿಗಲಿಲ್ಲ. ಕಡೆಗೆ ಬಾಯಿಗೆ ಬಂದದ್ದು, ನಗಬೇಡಿ, ವ್ಯಾಕರಣ. "ಲೋಪಸಂಧಿ... ಪೂರ್ವಪದದ ಕೊನಿ ಸ್ವರ ಬಿಟ್ಟುಹೋದ್ರ ಲೋಪಸಂಧಿ... ಹೊಸ ಅಕ್ಷರ ಬಂದ್ರ ಆಗಮ..." ಎಂದು ಒಂಬತ್ತನೆಯ ತರಗತಿಗೆ ಹೇಳಿದ ಹಾಗೆ ಹೇಳುತ್ತ ನಿಂತೆ. ಅವರು ಒಂದೊಂದೇ ಹೆಜ್ಜೆಯಿಟ್ಟು ಬಂದು ಕಿಟಕಿಯ ಸರಳು ಹಿಡಿದುಕೊಂಡರು. ರೊಟ್ಟಿ ಕರಕಾದ ವಾಸನೆ ಇಬ್ಬರಿಗೂ ಬಂತು.

"ಆದೇಶ ಸಂಧಿ ಉಳೀತಲ್ಲ?" ಎಂದರು. ಆಗ ನಾನು ಅತ್ತುಬಿಟ್ಟೆ.

ಅಡುಗೆಮನೆಯಲ್ಲಿ ಕೂತು ಅವರು ಎಲ್ಲ ಹೇಳಿದರು. ಎರಡು ವರ್ಷದಿಂದ ಕಣ್ಣಿನ ಅಂಚುಗಳು ಮಸುಕಾಗುತ್ತ ಬಂದಿದ್ದವು. ಎದುರಿಗಿರುವುದು ಒಂದು ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತಿತ್ತು. ದೊಡ್ಡ ಅಕ್ಷರ ಕಾಣುತ್ತಿತ್ತು, ಕಾಲ ಬಳಿಯ ಕೊಡ ಕಾಣುತ್ತಿರಲಿಲ್ಲ. ಬಿಸಿಲಿನಲ್ಲಂತೂ "ಬಿಳೇ ಧೋತರ ಹಾಸಿದಂಗ ಎಲ್ಲಾ ಒಂದs ಆಕ್ಕೈತಿ." ಶೆಡ್ಡು ಇದ್ದಾಗ ಗೋಡೆ, ಮಗ್ಗ, ಕಂಬಗಳ ಗುರುತಿನಿಂದ ಓಡಾಡುತ್ತಿದ್ದರು. ಶೆಡ್ಡು ಹೋದ ಮೇಲೆ ಆ ಬಯಲು ಅವರಿಗೆ ದಿಕ್ಕಿಲ್ಲದ ಜಾಗವಾಗಿತ್ತು. ಆಮೇಲೆ ಬೀರಪ್ಪ ಫರಸಿ ಹಾಸಿ, ಸಂದಿ ತೆರೆದು ಬಿಟ್ಟು ಹೋದ.

"ಕಾಲಿಗೆ ದಾರಿ ಸಿಕ್ಕಿತ್ತು ನೋಡು" ಎಂದರು. "ಒಂದ ಸಂದಿ ಹಿಡದು ನೆಟ್ಟಗ ಹೋದ್ರ ಹದಿನಾಕನೇ ಕಲ್ಲಿಗೆ ಮಂಚ. ಒಂಬತ್ತನೇ ಕಲ್ಲಿಗೆ ಬಲಕ್ಕ ಹೊಳ್ಳಿದ್ರ ಬಚ್ಚಲಾ. ಎಣಿಸಿಕೋತ ಹೋಗತಿದ್ದೆ. ನೀ ಅದನ್ನೆಲ್ಲಾ ಮುಚ್ಚಿಸಿಬಿಟ್ಟಿ."

"ಹೇಳಾಕ ಏನಾಗಿತ್ರಿ ನಿಮಗ?"

"ನೀ ಆಗ ತಾನ ರಿಟೈರ್ ಆಗಿ ಖುಷೀಲಿದ್ದಿ. ಊರೂರು ತಿರುಗಿ ಕಲ್ಲ ನೋಡ್ಕೋತ ಹೊಂಟಿದ್ದಿ. ನಿನ್ನ ಮತ್ತ ಮನ್ಯಾಗ ಕಟ್ಟಿಹಾಕಿದಂಗ ಆಕ್ಕೈತಿ ಅಂತ..."

ವಾಕ್ಯ ಪೂರ್ಣವಾಗಲಿಲ್ಲ. ನನ್ನ ಮೊಣಕೈ ಹಿಡಿದು ಬಜಾರದಲ್ಲಿ ನಡೆದ ಸಂಜೆಗಳೆಲ್ಲ ನೆನಪಾಗಿ, ನನ್ನ ಹೆಮ್ಮೆಯ ಬಗ್ಗೆ ನನಗೇ ಮೈಯೆಲ್ಲ ನಾಚಿಕೆಯಾಯಿತು. ಸಿಟ್ಟೂ ಬಂತು. ಮರುದಿನವೇ ಬಾಗಲಕೋಟೆಗೆ ಕಣ್ಣಿನ ವೈದ್ಯರಲ್ಲಿಗೆ ಹೋದೆವು. ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾನು ಕಿಟಕಿಯತ್ತಲೇ ಮುಖ ಮಾಡಿ ಕೂತೆ. ಕಣ್ಣಿನೊಳಗಿನ ಒತ್ತಡ ನರವನ್ನು ತಿಂದಿದೆ, ಹೋದ ದೃಷ್ಟಿ ಮರಳದು, ಉಳಿದದ್ದನ್ನು ಉಳಿಸಿಕೊಳ್ಳಬಹುದು, ದಿನಕ್ಕೆ ಎರಡು ಸಲ ತಪ್ಪದೆ ಹನಿ ಹಾಕಬೇಕು ಎಂದರು ವೈದ್ಯರು. ಎರಡು ವರ್ಷ ಮೊದಲೇ ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತೇ ಎಂದು ಕೇಳಿದೆ. ಅವರು ನನ್ನ ಮುಖವನ್ನೇ ಒಮ್ಮೆ ನೋಡಿ, "ಇವತ್ತು ಬಂದಿದ್ದೀರಲ್ಲ" ಎಂದರು. ಆ ಉತ್ತರದ ವ್ಯಾಕರಣವನ್ನು ನಾನು ಬಿಡಿಸಲು ಹೋಗಲಿಲ್ಲ. ಮರಳುವಾಗ ಬಸ್ಸು ಇಳಿಯುವ ಹೊತ್ತಿಗೆ ನಾನೇ ಅವರ ಕೈಹಿಡಿದೆ. "ಇನ್ನೂ ಸಿಟ್ಟೇನು?" ಎಂದು ಕೇಳಿದರು. "ಹೌದ್ರಿ. ಆದ್ರ ಪಾವಟಿಗಿ ಎತ್ತರ ಐತಿ, ಸಾವಕಾಶ ಇಳೀರಿ" ಎಂದೆ.

ಬೀರಪ್ಪನನ್ನು ಕರೆಸಿದೆ. ವಿಷಯ ತಿಳಿದಾಗ, ನಾನು ಮೊದಲೇ ಹೇಳಿದ್ದೆ ಎಂದು ಅವನು ಅನ್ನಬಹುದಿತ್ತು. ಅನ್ನಲಿಲ್ಲ. ನಮ್ಮವರ ಹತ್ತಿರ ಮಂಡಿಯೂರಿ ಕೂತು, ಅವರ ಪಾದವನ್ನು ಕುರಿಯ ಗೊರಸನ್ನು ನೋಡುವವನಂತೆ ಕೈಯಲ್ಲಿ ಹಿಡಿದು ನೋಡಿದ.

"ಕಾಕಾ, ಹಿಮ್ಮಡ ಒಡದಾವು. ಆದ್ರ ಬೆರಳ ಛಲೋ ಅದಾವು. ನಮ್ಮಪ್ಪ ಕುರಿ ಹಿಂದ ಬರಿಗಾಲಿಲೆ ತಿರುಗಾಂವ. ಕಾಲಿಗೂ ಕಣ್ಣ ಇರ್ತಾವು, ಕೆರವ ಹಾಕ್ಕೊಂಡು ನಾವs ಮುಚ್ಚಿಬಿಡ್ತೀವಿ ಅಂತಿದ್ದ. ಅಕ್ಕೋರು ಇಷ್ಟ ದಿನಾ ಕಣ್ಣೀಲೆ ಆರಿಸಿದ್ರು. ಈಗ ನೀವು ಕಾಲೀಲೆ ಆರಿಸ್ರಿ."

ಉಳಿದಿದ್ದ ಫರಸಿಗಳನ್ನು ಬೇವಿನ ನೆರಳಲ್ಲಿ ಜೋಡಿಸಿ, ನಾಲ್ಕು ಸಂದಿಗಳಲ್ಲಿ ನಾಲ್ಕು ಬಗೆಯ ವಸ್ತು ತುಂಬಿದ. ಎರಡು ದಿನ ಬಿಟ್ಟು ಪರೀಕ್ಷೆ ನಡೆಯಿತು. ನಾನು ನಡೆಸಿದ ಯಾವ ವಾರ್ಷಿಕ ಪರೀಕ್ಷೆಯಲ್ಲೂ ಇಷ್ಟು ಗಾಂಭೀರ್ಯ ಇರಲಿಲ್ಲ. ನಮ್ಮವರು ಧೋತರ ಮೇಲೆತ್ತಿ, ಬರಿಗಾಲಲ್ಲಿ, ಒಂದೊಂದು ಸಂದಿಯ ಮೇಲೂ ಹೋಗಿ ಬಂದರು. ಬರೀ ಉಸುಕಿಗೆ, "ಬೆರಳಿಗೆ ಹತ್ತತೈತಿ, ಮನೀ ಒಳಗ ಬರ್ತೈತಿ" ಎಂದರು. ಮೂರನೆಯ ಸಲ ಕಾಲಿಡುವ ಹೊತ್ತಿಗೆ ಅದು ಅರ್ಧ ಖಾಲಿಯಾಗಿತ್ತು. ಬೇರುಸಮೇತ ಕಿತ್ತು ತಂದು ನೆಟ್ಟಿದ್ದ ಗರಿಕೆಯ ಸಂದಿಯ ಮೇಲೆ ಬಹಳ ಹೊತ್ತು ನಿಂತರು. "ಭಾಳ ತಂಪ ಐತಿ" ಎಂದು ಕಣ್ಣು ಮುಚ್ಚಿದರು. ನನ್ನ ಆಸೆ ಗರಿಕೆಯಂತೆಯೇ ಚಿಗುರಿತು. "ಆದ್ರ ಬ್ಯಾಸಗ್ಯಾಗ ಒಣಗಿತಂದ್ರ ದಾರಿ ಹೋತು. ಮಳಿಗಾಲದಾಗ ಬೆಳೀತಂದ್ರ ಕಲ್ಲಿನ ಮ್ಯಾಲೂ ಹಬ್ಬತೈತಿ. ಎಲ್ಲಾ ಹುಲ್ಲs ಆದ್ರ ಸಂದಿ ಯಾವದು ಕಲ್ಲ ಯಾವದು?" ಎಂದರು. ಬೇಲಿಯಾಚೆಗಿನಿಂದ ಗೌರಕ್ಕನ ಆಡೊಂದು ಒಮ್ಮೆ ಕೂಗಿ ತನ್ನ ಭಿನ್ನಾಭಿಪ್ರಾಯವನ್ನು ದಾಖಲಿಸಿತು. ಸಿಮೆಂಟಿನದು ಒರಟಾಗಿ, "ಕಲ್ಲಿನಂಗs ಅನಸ್ತೈತಿ, ಬ್ಯಾರೆ ಅನಸೂದಿಲ್ಲ" ಎಂದು ಫೇಲಾಯಿತು.

ಕೊನೆಯದು ಬೀರಪ್ಪ ಮೊದಲ ದಿನವೇ ಹೇಳಿದ್ದ ಸುಣ್ಣ, ಉಸುಕು, ಒಂದಿಷ್ಟೇ ಸಿಮೆಂಟಿನ ಮಿಶ್ರಣ. ಅದನ್ನು ಕಲ್ಲಿನ ಮಟ್ಟಕ್ಕೆ ತುಂಬದೆ, ಒಂದು ಪೈಪಿನ ತುಂಡಿನಿಂದ ಒತ್ತಿ ಒತ್ತಿ, ನಡುವೆ ದುಂಡಗೆ ತಗ್ಗು ಮಾಡಿದ್ದ. ಎಷ್ಟು ತಗ್ಗು? ಒಂದು ಜೋಳದ ಕಾಳು ಮಲಗುವಷ್ಟು. ನಮ್ಮವರು ಹೆಬ್ಬೆರಳನ್ನು ಅದರಲ್ಲಿಟ್ಟು ಮುಂದಕ್ಕೆ ಜಾರಿಸಿದರು. ಹಿಂದಕ್ಕೆ ಜಾರಿಸಿದರು. ನೂಲಿನ ಎಳೆಯನ್ನು ಬೆರಳ ನಡುವೆ ಹೊಸೆದು ಗುಣ ಹೇಳುತ್ತಿದ್ದ ಕಾಲದಲ್ಲಿ ಅವರ ಮುಖದ ಮೇಲಿರುತ್ತಿದ್ದ ಏಕಾಗ್ರತೆ ಅದು. ಎಷ್ಟೋ ದಿನಗಳ ಮೇಲೆ ಕಂಡೆ.

"ಎಡವೂದಿಲ್ಲ. ತಪ್ಪೂದೂ ಇಲ್ಲ. ಇದು ಆತು" ಎಂದರು.

ನನ್ನ ಅಖಂಡ ಶಿಲೆಯನ್ನು ಮತ್ತೆ ಖಂಡಖಂಡ ಮಾಡಲು ಬೀರಪ್ಪನಿಗೆ ಮೂರು ದಿನ ಹಿಡಿಯಿತು. ಜಮಖಂಡಿಯ ಪುಡಿ ನಿಜಕ್ಕೂ ಬಿರುಸಾಗಿತ್ತು. ಅದನ್ನು ಯಂತ್ರದಿಂದ ಕೊಯ್ಯಬೇಕಾಯಿತು, ಉಳಿಯಿಂದ ಕೆತ್ತಬೇಕಾಯಿತು. ಧೂಳು ಮನೆಯನ್ನೆಲ್ಲ ತುಂಬಿತು. ಎರಡು ಕಲ್ಲುಗಳ ಮೂಲೆ ಮುಕ್ಕಾದವು. ಅಯ್ಯೋ ಎಂದ ನನಗೆ, "ಇರಲಿ ಬಿಡು, ಅವು ನನಗ ಮೈಲಿಗಲ್ಲ ಆಕ್ಕಾವು" ಎಂದರು ನಮ್ಮವರು. ಇಡೀ ಅಂಗಳವನ್ನು ಕೆತ್ತಬೇಕಾಗಲಿಲ್ಲ. ಅಡುಗೆಮನೆಯಿಂದ ಮಂಚಕ್ಕೆ ಒಂದು ಗೆರೆ, ಅದರಿಂದ ಬಚ್ಚಲಿಗೆ ಒಂದು ಕವಲು. ಅಷ್ಟೇ ಸಾಕೆಂದು ಅವರೇ ಹೇಳಿದರು. ಉಳಿದ ಕಡೆ ನನ್ನ ಕನ್ನಡಿ ಹಾಗೇ ಉಳಿಯಿತು. ಗೌರಕ್ಕನ ಮೆಚ್ಚುಗೆಗೂ ಒಂದಿಷ್ಟು ಜಾಗ ಬೇಕಲ್ಲ.

ಸುಣ್ಣದ ಗಾರೆ ಅವಸರದ ವಸ್ತುವಲ್ಲ. ಎಂಟು ದಿನ ತೇವ ಆರದಂತೆ ನೋಡಿಕೊಳ್ಳಬೇಕೆಂದು ಬೀರಪ್ಪ ಹೇಳಿ ಹೋದ. ಆ ಕೆಲಸವನ್ನು ನಮ್ಮವರು ಯಾರಿಗೂ ಕೊಡಲಿಲ್ಲ. ಬೆಳಿಗ್ಗೆ ಮತ್ತು ಸಂಜೆ ತಂಬಿಗೆ ಹಿಡಿದು, ಸಂದಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಸರಿಯುತ್ತ, ಬೆರಳಿಂದ ತಡವಿ ಆರಿದ ಕಡೆಗೆಲ್ಲ ನೀರು ಚಿಮುಕಿಸುತ್ತಿದ್ದರು. ಅದೇ ಹೊತ್ತಿಗೆ ನಾನು ಕಣ್ಣಿನ ಹನಿಯ ಸೀಸೆ ಹಿಡಿದು ಅವರ ಹಿಂದೆ ತಿರುಗುತ್ತಿದ್ದೆ. ಅವರು ಸಂದಿಗೆ ಹಾಕಿದ ಮೇಲೆ ನಾನು ಅವರಿಗೆ ಹಾಕುವುದೆಂದು ಒಪ್ಪಂದವಾಗಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಅವರು ಹೊಸ್ತಿಲಿಳಿದರು. ಕೈ ಹಿಂದೆ ಕಟ್ಟಿಕೊಂಡರು. ನಾನು ಬಾಗಿಲಲ್ಲಿ ನಿಂತೆ. ಅವಸರವಿಲ್ಲದೆ, ಒಮ್ಮೆಯೂ ನಿಲ್ಲದೆ ಹೋಗಿ ಮಂಚದ ಮೇಲೆ ಕೂತರು. ಆಮೇಲೆ ಮೂವತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ ನನಗೆ ಪಾಠ ಹೇಳುವವರಂತೆ ಅಂದರು:

"ಈಗ ನೀ ಬಾ. ಚಪ್ಪಲ ಬಿಡು. ಕಣ್ಣ ಮುಚ್ಚು."

ಓದುಗರೇ, ನಿಮ್ಮದೇ ಮನೆಯ ಹಿತ್ತಲು ಎಷ್ಟು ದೊಡ್ಡದೆಂದು ತಿಳಿಯಬೇಕಿದ್ದರೆ ಒಮ್ಮೆ ಹೀಗೆ ನಡೆದು ನೋಡಿ. ನಾಲ್ಕನೆಯ ಕಲ್ಲಿಗೆ ನನಗೆ ಬೇವು ಎಲ್ಲಿದೆಯೆಂಬುದು ಮರೆತುಹೋಯಿತು. ಆರನೆಯದಕ್ಕೆ ಗೋಡೆ ನನ್ನ ಮೂಗಿನ ಮುಂದೆಯೇ ಇದೆಯೆನಿಸಿ ಕೈ ಚಾಚಿದೆ, ಗಾಳಿ ಸಿಕ್ಕಿತು. ಹೆಬ್ಬೆರಳು ಮಾತ್ರ ಆ ತಗ್ಗಿನಲ್ಲಿ ತಣ್ಣಗೆ ಜಾರುತ್ತಿತ್ತು. ಒಂಬತ್ತರಲ್ಲಿ ಕವಲು ಸಿಕ್ಕು, ಯಾವುದು ನೆಟ್ಟಗಿನದು, ಯಾವುದು ಬಚ್ಚಲಿನದು ತಿಳಿಯದೆ ನಿಂತುಬಿಟ್ಟೆ.

"ಬಲಕ್ಕ ಹೊಂಟಿ. ಎಡಗಾಲ ಹಚ್ಚಿ ನೋಡು" ಎಂಬ ದನಿ ಬಂತು. "ಅವಸರ ಮಾಡಬ್ಯಾಡ. ನಾ ಇಲ್ಲೇ ಅದೇನಿ."

ಹದಿನಾಲ್ಕು ಎಣಿಸುವುದರಲ್ಲಿ ಮಂಚದ ಅಂಚು ನನ್ನ ಮೊಣಕಾಲ ಕೆಳಗೆ ಠಣ್ಣೆಂದು ಬಡಿಯಿತು. ನೋವಿಗೆ ಕಣ್ಣು ತೆರೆದೆ. ಅವರು ನಗುತ್ತಿದ್ದರು.

"ನನಗೂ ಮೊದಲ ಹಂಗs ಬಡದಿತ್ತು" ಎಂದರು.

"ಯಾವಾಗ? ನೀವು ಹೇಳಲೇ ಇಲ್ಲ."

ಅವರು ಪಕ್ಕಕ್ಕೆ ಸರಿದು ನನಗೆ ಜಾಗ ಕೊಟ್ಟರು. ಆಮೇಲೆ ಧೋತರ ಸರಿಸಿ ಕಣಕಾಲಿನ ಮೇಲಿನ ಹಳೆಯ ಕಂದು ಕಲೆಯನ್ನು ತೋರಿಸಿದರು. ಅದು ಮಂಚ. ಅದರ ಕೆಳಗಿನದು ಮೂಲೆಗೆ ನಿಲ್ಲಿಸಿದ ಸ್ಕೂಟರಿನದು. ತೋಳೇರಿಸಿ ಮೊಣಕೈ ತೋರಿಸಿದರು. ಬಚ್ಚಲ ಬಾಗಿಲು, ಹೋದ ದೀಪಾವಳಿಯ ಹಿಂದಿನ ದಿನ. ಹಣೆಯ ಕೂದಲಂಚಿನ ಗೆರೆ ಗೌರಕ್ಕನ ಮನೆಯ ತಲೆಬಾಗಿಲು. ಅವಳಿಗೂ ಹೇಳಬೇಡವೆಂದಿದ್ದರಂತೆ, ಅವಳು ಎರಡು ವರ್ಷ ಹೇಳಿರಲಿಲ್ಲ! ಒಂದೊಂದಕ್ಕೂ ದಿನವಿತ್ತು, ಜಾಗವಿತ್ತು, ನಾನು ಕೇಳಿದಾಗ ಹೇಳಿದ್ದ ಸುಳ್ಳೂ ಇತ್ತು. ಅವರು ಹೇಳುತ್ತ ಹೋದರು. ಒಳಗೆ ನಾದಿಟ್ಟ ಹಿಟ್ಟು ಒಣಗುತ್ತಿದ್ದುದು ನನಗೆ ಗೊತ್ತಿತ್ತು. ನಾನು ಏಳಲಿಲ್ಲ. ಅವರ ಎಡಗೈ ಹಿಡಿದು, ಬೆರಳಿನ ಗೆಣ್ಣಿನ ಮೇಲಿದ್ದ ಸಣ್ಣ ಗುರುತೊಂದರ ಮೇಲೆ ಬೆರಳಿಟ್ಟು ಕೇಳಿದೆ:

"ಮತ್ತ ಇದು?"